ನರವೈವಿಧ್ಯವುಳ್ಳವರು ಮತ್ತು ಈ ಕ್ಷಣದ ಬದುಕು

ಈ ಕ್ಷಣದಲ್ಲಿ ಬದುಕುವುದೆಂದರೆ ಕೈಯಲ್ಲಿರುವ ಕೆಲಸ, ಎದುರಿಗಿರುವ ಮನುಷ್ಯ, ಮೈಗೆ ತಾಕುವ ಗಾಳಿ, ಕಿವಿಗೆ ಬೀಳುವ ಸದ್ದು ಇವುಗಳಲ್ಲಿ ಮನಸ್ಸಿಟ್ಟು ಇರುವುದು. ಇದು ಯಾರಿಗೂ ಸುಲಭವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಲಾಯಿತು. ಎಚ್ಚರವಿರುವ ಹೊತ್ತಿನ ಸುಮಾರು ಶೇಕಡಾ 47ರಷ್ಟು ಕಾಲ ಅವರ ಮನಸ್ಸು ಮಾಡುತ್ತಿರುವ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ನೆಮ್ಮದಿಯೂ ಕಡಿಮೆ ಇತ್ತು.

ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಮುಂತಾದ ನರವೈವಿಧ್ಯ ಉಳ್ಳವರಿಗೆ ಈ ಕಷ್ಟ ಬೇರೆ ಬಗೆಯದು. ಕಣ್ಣು ಮುಚ್ಚು, ಅಲುಗಾಡದೆ ಕೂರು, ಉಸಿರನ್ನು ಗಮನಿಸು ಎಂಬ ಸಾಮಾನ್ಯ ಉಪದೇಶ ಇವರಲ್ಲಿ ಅನೇಕರಿಗೆ ಒಗ್ಗುವುದಿಲ್ಲ. ಕೆಲವರಿಗೆ ಅದು ಹಿಂಸೆಯೂ ಆಗಬಹುದು. ಹಾಗೆಂದು ವರ್ತಮಾನದ ನೆಮ್ಮದಿ ಇವರಿಗೆ ದಕ್ಕದ್ದೇನಲ್ಲ. ಸುತ್ತಲಿನ ಸದ್ದುಗದ್ದಲ, ದಿನಚರಿ, ಜೊತೆಗಿರುವವರ ನಡವಳಿಕೆ ಇವು ಮೊದಲು ಹದವಾದರೆ ಗಮನ ತಾನಾಗಿಯೇ ನೆಲೆಗೊಳ್ಳುತ್ತದೆ. ವಾಕ್ ಮತ್ತು ಶ್ರವಣ ಸಂಸ್ಥೆ, ಯೋಗದ ಪರಂಪರೆ, ಕೆರೆಯಂಗಳಗಳು, ಜೊತೆಗೆ ದಸರೆಯ ಭಾರೀ ಗದ್ದಲ ಎಲ್ಲವೂ ಇರುವ ಮೈಸೂರು ಈ ವಿಷಯವನ್ನು ನೋಡಲು ತಕ್ಕ ಊರು.

ನರವೈವಿಧ್ಯ ಎಂದರೇನು

ಎಲ್ಲರ ಮಿದುಳೂ ಒಂದೇ ರೀತಿ ಬೆಳೆಯುವುದಿಲ್ಲ, ಒಂದೇ ರೀತಿ ಕೆಲಸ ಮಾಡುವುದಿಲ್ಲ. ಗಮನ, ಕಲಿಕೆ, ಸಂವೇದನೆ, ಚಲನೆ, ಬೆರೆಯುವ ಬಗೆ ಇವುಗಳಲ್ಲಿ ಹುಟ್ಟಿನಿಂದಲೇ ಬರುವ ವ್ಯತ್ಯಾಸಗಳನ್ನು ಮನುಷ್ಯಕುಲದ ಸಹಜ ವೈವಿಧ್ಯವೆಂದು ಕಾಣುವ ನೋಟ 1990ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ ಅದಕ್ಕೆ ಹೆಸರು ತಂದುಕೊಟ್ಟವರಲ್ಲಿ ಒಬ್ಬರು. ಆಟಿಸಂ, ಗಮನದ ಕೊರತೆ ಮತ್ತು ಅತಿಚಟುವಟಿಕೆ ಕಾಣುವ ಎಡಿಎಚ್‌ಡಿ, ಓದುಬರಹದ ತೊಡಕಾದ ಡಿಸ್ಲೆಕ್ಸಿಯಾ, ಕೈಕಾಲುಗಳ ಹೊಂದಾಣಿಕೆ ಕಷ್ಟವಾಗುವ ಡಿಸ್ಪ್ರಾಕ್ಸಿಯಾ, ತಡೆಯಲಾರದ ಚಲನೆ ಮತ್ತು ಸದ್ದುಗಳಿರುವ ಟುರೆಟ್ ಸಿಂಡ್ರೋಮ್ ಈ ಗುಂಪಿಗೆ ಸೇರುತ್ತವೆ.

ಇವು ಹೊಸದಾಗಿ ಹುಟ್ಟಿದ ಸ್ಥಿತಿಗಳಲ್ಲ. ಲಿಯೋ ಕ್ಯಾನರ್ 1943ರಲ್ಲೂ ಹಾನ್ಸ್ ಆಸ್ಪರ್ಗರ್ 1944ರಲ್ಲೂ ಇಂದು ಆಟಿಸಂ ಎನ್ನುವ ಸ್ಥಿತಿಯುಳ್ಳ ಮಕ್ಕಳ ಬಗ್ಗೆ ಬರೆದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯನ್ನು ಪರಿಷ್ಕರಿಸಿದಾಗ ಎರಡು ಮುಖ್ಯ ಬದಲಾವಣೆಗಳಾದವು. ಬೆಳಕು, ಸದ್ದು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿತು. ಒಬ್ಬರಲ್ಲೇ ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಗುರುತಿಸಲು ಅವಕಾಶವಾಯಿತು. ಎಷ್ಟೋ ವಯಸ್ಕರು ತಮ್ಮ ಮಕ್ಕಳ ತಪಾಸಣೆಗೆಂದು ಹೋದಾಗಲೇ ತಮ್ಮ ಬಾಲ್ಯಕ್ಕೂ ವಿವರಣೆ ಕಂಡುಕೊಂಡಿದ್ದಾರೆ.

ಭಾರತದ ಐದು ಪ್ರದೇಶಗಳ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸರಿಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ನರಬೆಳವಣಿಗೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು. ಆಟಿಸಂ, ಎಡಿಎಚ್‌ಡಿ, ಕಲಿಕೆಯ ತೊಡಕುಗಳ ಜೊತೆಗೆ ಶ್ರವಣದೋಷ, ಮೂರ್ಛೆರೋಗಗಳೂ ಆ ಲೆಕ್ಕದಲ್ಲಿದ್ದವು. ಅಂದರೆ ಪ್ರತಿ ಬೀದಿಯಲ್ಲೂ ಪ್ರತಿ ತರಗತಿಯಲ್ಲೂ ಇರುವ ಸಂಗತಿಯಿದು. ಮೈಸೂರಿನ ಮನೆಗಳಲ್ಲಿ ಇದಕ್ಕೆ ಬೇರೆ ಮಾತುಗಳಿವೆ: ಕೂತಲ್ಲಿ ಕೂರಲ್ಲ, ಅವನ ಲೋಕದಲ್ಲೇ ಇರ್ತಾನೆ, ಕರೆದರೆ ತಿರುಗಿ ನೋಡಲ್ಲ, ಜ್ಞಾನ ಎಲ್ಲಿಟ್ಟಿದ್ದಾಳೋ.

ಗಮನ ಜಾರುವ ಬಗೆಗಳು

ಎಡಿಎಚ್‌ಡಿ ಉಳ್ಳವರು ಒಂದರ್ಥದಲ್ಲಿ ವರ್ತಮಾನದಲ್ಲೇ ಸಿಕ್ಕಿಕೊಂಡಿರುತ್ತಾರೆ. ಈ ಸ್ಥಿತಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲೆ ಇದನ್ನು ಕಾಲದ ಕುರುಡು ಎಂದು ವಿವರಿಸುತ್ತಾರೆ. ಇವರಿಗೆ ಕಾಲ ಎರಡೇ ತುಂಡು: ಈಗ ಮತ್ತು ಈಗಲ್ಲದ್ದು. ನಾಳೆಯ ಪರೀಕ್ಷೆ, ಸಂಜೆಯ ಬಸ್ಸು, ತಿಂಗಳ ಕೊನೆಯ ಬಿಲ್ಲು ಎಲ್ಲವೂ ಎರಡನೆಯ ತುಂಡಿಗೆ ಸೇರಿ ಕಣ್ಮರೆಯಾಗುತ್ತವೆ. ಗಡುವು ತಲೆಯ ಮೇಲೆ ಬಂದಾಗ ದಿಗಿಲು ಹತ್ತುತ್ತದೆ. ಇಷ್ಟವಾದ ಕೆಲಸ ಸಿಕ್ಕರೆ ಹಸಿವು ಬಾಯಾರಿಕೆ ಮರೆತು ಗಂಟೆಗಟ್ಟಲೆ ಮುಳುಗಿಬಿಡುವವರೂ ಇವರೇ. ಇಷ್ಟವಿಲ್ಲದ್ದರಲ್ಲಿ ಐದು ನಿಮಿಷ ನಿಲ್ಲುವುದೂ ದುಸ್ತರ. ಹೀಗಿರುವಾಗ ಇವರು ಕಲಿಯಬೇಕಾದದ್ದು ಈ ಕ್ಷಣವನ್ನು ಮುಂದಿನ ಕ್ಷಣಕ್ಕೆ ಜೋಡಿಸುವ ಕೌಶಲ. ಅದು ಕೈಗೂಡಿದರೆ ಮರೆತೆನೇ ಎಂಬ ಆತಂಕ ಇಳಿದು, ಈಗಿನದ್ದನ್ನು ನಿಶ್ಚಿಂತೆಯಿಂದ ಅನುಭವಿಸಲು ಎಡೆಯಾಗುತ್ತದೆ.

ಆಟಿಸಂ ಉಳ್ಳವರ ಗಮನದ ಸ್ವರೂಪ ಬೇರೆ. ಡೈನಾ ಮರ್ರೇ ಮತ್ತು ಸಂಗಡಿಗರು 2005ರಲ್ಲಿ ಮುಂದಿಟ್ಟ ಸಿದ್ಧಾಂತದ ಪ್ರಕಾರ, ಇವರ ಗಮನ ಹಲವು ಕಡೆಗೆ ತೆಳುವಾಗಿ ಹರಡುವ ಬದಲು ಒಂದೆರಡು ಸಂಗತಿಗಳ ಮೇಲೆ ಆಳವಾಗಿ ಕೇಂದ್ರೀಕರಿಸುತ್ತದೆ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಒಂದೇ ಉಗಿಬಂಡಿಯ ಗಾಲಿಯೆದುರು ಅರ್ಧಗಂಟೆ ನಿಂತು ನೋಡುವ ಮಗು ಆ ಅರ್ಧಗಂಟೆ ಸಂಪೂರ್ಣವಾಗಿ ವರ್ತಮಾನದಲ್ಲೇ ಇರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ ಹಠಾತ್ತನೆ ಎಳೆದು ಕರೆತಂದಾಗ. ಒಂದರಿಂದ ಇನ್ನೊಂದಕ್ಕೆ ದಾಟುವುದೇ ಇವರಿಗೆ ದೊಡ್ಡ ಶ್ರಮ. ಮುಂದೇನಾಗುತ್ತದೋ ಎಂಬ ಅನಿಶ್ಚಿತತೆಯೂ ಇವರನ್ನು ಬಲವಾಗಿ ಕಾಡುತ್ತದೆ. ಮುಂದಿನದ್ದು ಗೊತ್ತಿಲ್ಲದಿರುವಾಗ ಈಗಿನದ್ದರಲ್ಲಿ ಮನಸ್ಸು ನಿಲ್ಲದು.

ಓದುವಾಗ ತಡವರಿಸಿ ತರಗತಿಯಲ್ಲಿ ನಗೆಪಾಟಲಾದ ಡಿಸ್ಲೆಕ್ಸಿಯಾದ ಮಗುವನ್ನು ಹಳೆಯ ಅವಮಾನ ಎಳೆಯುತ್ತಿರುತ್ತದೆ. ಪುಸ್ತಕ ತೆರೆದೊಡನೆ ಎದೆ ಹೊಡೆದುಕೊಳ್ಳುತ್ತದೆ. ಇನ್ನು ತಮ್ಮ ಸ್ವಭಾವವನ್ನು ಮುಚ್ಚಿಟ್ಟು ಎಲ್ಲರಂತೆ ತೋರಿಸಿಕೊಳ್ಳುವವರ ಪಾಡು ಇನ್ನೊಂದು. ಕಣ್ಣಿಗೆ ಕಣ್ಣಿಟ್ಟು ನೋಡಬೇಕು, ಸರಿಯಾದ ಹೊತ್ತಿಗೆ ನಗಬೇಕು, ಕೈ ಅಲುಗಿಸಬಾರದು ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದರೆ ಎದುರಿನವರ ಮಾತು ಕಿವಿಗೆ ಬೀಳುವುದೇ ಇಲ್ಲ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಅವರನ್ನು ತಡವಾಗಿ ಗುರುತಿಸಲು ಇದೂ ಒಂದು ಕಾರಣ.

ಮೈ ಹೇಳುವ ಸುದ್ದಿ

ವರ್ತಮಾನದ ಅರಿವು ಇಂದ್ರಿಯಗಳ ಮೂಲಕವೇ ಬರಬೇಕು. ನರವೈವಿಧ್ಯವುಳ್ಳ ಹಲವರಿಗೆ ಈ ಬಾಗಿಲೇ ಬಿಗಿಯಾಗಿರುತ್ತದೆ ಅಥವಾ ಮುಚ್ಚಲಾರದಷ್ಟು ತೆರೆದಿರುತ್ತದೆ. ದೇವರಾಜ ಮಾರುಕಟ್ಟೆಯ ಮಲ್ಲಿಗೆಯ ಘಮ, ಕುಂಕುಮದ ರಾಶಿಗಳ ಬಣ್ಣ, ವ್ಯಾಪಾರಿಗಳ ಕೂಗು ಬಹುತೇಕರಿಗೆ ಖುಷಿ ಕೊಡುತ್ತವೆ. ಬೇಡದ ಸದ್ದನ್ನು ಹಿಂದಕ್ಕೆ ಸರಿಸಲಾಗದ ಮಿದುಳಿಗೆ ಅವೆಲ್ಲ ಒಂದೇ ಬಲದಿಂದ, ಒಟ್ಟಿಗೆ ಎರಗುತ್ತವೆ. ಅಂತಹ ಜಾಗದಲ್ಲಿ ಸುತ್ತಲಿನದ್ದನ್ನು ಗಮನಿಸು ಎಂದು ಹೇಳುವುದು ಉರಿಗೆ ತುಪ್ಪ ಸುರಿದಂತೆ. ಕಿವಿ ಮುಚ್ಚಿಕೊಳ್ಳುವುದು, ಚೀರುವುದು, ಓಡಿಹೋಗುವುದು ಆಗ ನಡೆಯಬಹುದು. ಹಟಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಳುವ ಶಕ್ತಿ ಮುಗಿದಾಗ ಆಗುವ ಕುಸಿತ ಇದು. ಆ ಹೊತ್ತಿನಲ್ಲಿ ಬೈದು ಬುದ್ಧಿ ಹೇಳಿದರೆ ಒಳಗಿನ ಗದ್ದಲಕ್ಕೆ ಇನ್ನೊಂದು ಸದ್ದು ಸೇರುತ್ತದಷ್ಟೇ.

ದೇಹದ ಒಳಗಿನ ಸೂಚನೆಗಳೂ ಕೆಲವರಿಗೆ ಸ್ಪಷ್ಟವಾಗಿ ತಲುಪುವುದಿಲ್ಲ. ಹಸಿವು, ಮೂತ್ರದ ಒತ್ತಡ, ದಣಿವು ಮಿತಿಮೀರಿದ ಮೇಲೆಯೇ ಗೊತ್ತಾಗುತ್ತವೆ. ತಮಗೆ ಆಗುತ್ತಿರುವುದು ಸಿಟ್ಟೋ ಹೆದರಿಕೆಯೋ ಎಂದು ಗುರುತಿಸುವುದು ಆಟಿಸಂ ಉಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಷ್ಟವೆಂದು ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಈಗ ಹೇಗನ್ನಿಸುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಬಾರದಿದ್ದರೆ ಅಚ್ಚರಿಪಡಬೇಕಿಲ್ಲ. ಹೊಟ್ಟೆ ಬಿಗಿದಿದೆಯೇ, ಕೈ ತಣ್ಣಗಿದೆಯೇ, ಮುಖ ಬಿಸಿಯಾಗಿದೆಯೇ ಎಂಬಂತಹ ಸಣ್ಣ, ಖಚಿತ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿ ಸಿಗುತ್ತದೆ. ಭಾವನೆಯ ಹೆಸರು ನಿಧಾನವಾಗಿ ಅದರ ಹಿಂದೆ ಬರುತ್ತದೆ.

ಧ್ಯಾನದ ಪ್ರಯೋಗಗಳು

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಆರಂಭಿಸಿದ ಎಂಟು ವಾರಗಳ ತರಬೇತಿಯಿಂದ, ಈ ಕ್ಷಣಕ್ಕೆ ಗಮನ ಕೊಡುವ ಮೈಂಡ್‌ಫುಲ್‌ನೆಸ್ ಎಂಬ ಧ್ಯಾನಾಭ್ಯಾಸ ಆಸ್ಪತ್ರೆಗಳನ್ನು ಪ್ರವೇಶಿಸಿತು. ಅದನ್ನು ನರವೈವಿಧ್ಯವುಳ್ಳವರಿಗೆ ಹೊಂದುವಂತೆ ಮಾರ್ಪಡಿಸಿದ ಪ್ರಯೋಗಗಳು ಆಮೇಲೆ ನಡೆದವು. ಲಿಡಿಯಾ ಝೈಲೋವ್ಸ್ಕಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಡಿಎಚ್‌ಡಿಯುಳ್ಳ 24 ವಯಸ್ಕರೂ 8 ಹದಿಹರೆಯದವರೂ ಇದ್ದರು. ಕೂತು ಮಾಡುವ ಅಭ್ಯಾಸ ಐದೇ ನಿಮಿಷದಿಂದ ಶುರುವಾಗಿ ಮೆಲ್ಲಗೆ ಹದಿನೈದಕ್ಕೆ ಏರುತ್ತಿತ್ತು. ಕೂರಲಾಗದವರು ನಡೆಯುತ್ತಲೇ ಮಾಡಬಹುದಿತ್ತು. ಬಹುಪಾಲು ಮಂದಿ ತರಬೇತಿ ಮುಗಿಸಿದರು, ಲಕ್ಷಣಗಳು ತಗ್ಗಿದವೆಂದೂ ಹೇಳಿದರು. ಹೋಲಿಕೆಯ ಗುಂಪು ಇಲ್ಲದ ಸಣ್ಣ ಪ್ರಯೋಗವಾದ್ದರಿಂದ ಅದು ಕೊನೆಯ ಮಾತಲ್ಲ.

ನೆದರ್ಲೆಂಡ್ಸ್‌ನಲ್ಲಿ ಆನೆಲೀಸ್ ಸ್ಪೆಕ್ ಮತ್ತು ಸಂಗಡಿಗರು ಆಟಿಸಂ ಉಳ್ಳ ಸುಮಾರು 40 ವಯಸ್ಕರ ಜೊತೆ ನಡೆಸಿದ ಒಂಬತ್ತು ವಾರಗಳ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಹೋಲಿಕೆಗೂ ಒಂದು ಗುಂಪು ಇದ್ದ ಪ್ರಯೋಗವದು. ಗೊಂದಲ ಹುಟ್ಟಿಸುವ ರೂಪಕಗಳನ್ನು ಬಿಟ್ಟು, ನೇರವಾದ ಮಾತಿನಲ್ಲಿ ಸೂಚನೆಗಳನ್ನು ಕೊಡಲಾಯಿತು. ಆತಂಕ, ಖಿನ್ನತೆ, ಒಂದೇ ಯೋಚನೆಯನ್ನು ಮತ್ತೆಮತ್ತೆ ಮೆಲುಕು ಹಾಕುವ ಚಾಳಿ ಮೂರೂ ತಗ್ಗಿದವು.

ಮನಶ್ಶಾಸ್ತ್ರಜ್ಞ ನಿರ್ಭಯ್ ಸಿಂಗ್ ರೂಪಿಸಿದ ಅಂಗಾಲಿನ ಧ್ಯಾನ ಇನ್ನೂ ಸರಳ. ಸಿಟ್ಟು ಏರುತ್ತಿದೆ ಎಂದು ತಿಳಿದೊಡನೆ ಗಮನವನ್ನು ಪಾದದ ಅಡಿಗೆ ಒಯ್ಯಬೇಕು. ಬೆರಳು ಅಲುಗಿಸಿ, ಚಪ್ಪಲಿಯೋ ಸಾಕ್ಸೋ ನೆಲವೋ ತಾಕುವುದನ್ನು ಗಮನಿಸಿ, ಮನಸ್ಸು ತಣ್ಣಗಾಗುವವರೆಗೆ ಅಲ್ಲೇ ಇರಬೇಕು. ಆಟಿಸಂ ಉಳ್ಳ ಕೆಲವು ಹದಿಹರೆಯದವರು ಮನೆಯಲ್ಲಿ ತಾಯಂದಿರ ಜೊತೆ ಇದನ್ನು ಕಲಿತು ತಮ್ಮ ಸಿಟ್ಟನ್ನು ತಾವೇ ಹಿಡಿತಕ್ಕೆ ತಂದುಕೊಂಡದ್ದು 2011ರಲ್ಲಿ ವರದಿಯಾಯಿತು. ಅದಕ್ಕೂ ಮುಂಚೆ, 2006ರಲ್ಲಿ, ಇದೇ ತಂಡ ಆಟಿಸಂ ಉಳ್ಳ ಮಕ್ಕಳ ಮೂವರು ತಾಯಂದಿರಿಗೆ ಮಾತ್ರ 12 ವಾರ ತರಬೇತಿ ಕೊಟ್ಟಿತ್ತು. ಮಕ್ಕಳಿಗೆ ಏನನ್ನೂ ಕಲಿಸಿರಲಿಲ್ಲ. ಆದರೂ ಮಕ್ಕಳ ಸಿಟ್ಟು ಸೆಡವು, ತಮಗೆ ತಾವೇ ಪೆಟ್ಟು ಮಾಡಿಕೊಳ್ಳುವುದು ಕಡಿಮೆಯಾದವು. ಗುಂಪು ಚಿಕ್ಕದು, ಅದು ತೋರುವ ದಿಕ್ಕು ಮಾತ್ರ ಮುಖ್ಯವಾದದ್ದು. ದೊಡ್ಡವರು ಗಡಿಬಿಡಿಯಿಲ್ಲದೆ ಜೊತೆಗಿದ್ದರೆ ಮಗುವಿಗೂ ಆ ನಿರಾಳ ದಕ್ಕುತ್ತದೆ.

ಇಂತಹ ಅಭ್ಯಾಸಗಳು ಚಿಕಿತ್ಸೆಗೆ ಬದಲಿಯಲ್ಲ. ಎಡಿಎಚ್‌ಡಿಗೆ ಮನೋವೈದ್ಯರು ಔಷಧಿ ಕೊಟ್ಟಿದ್ದರೆ ಧ್ಯಾನ ಶುರುವಾಯಿತೆಂದು ಅದನ್ನು ನಿಲ್ಲಿಸಬಾರದು. ಉಸಿರನ್ನು ಗಮನಿಸಿದರೆ ಗಾಬರಿ ಹೆಚ್ಚಾಗುವವರು ಪಾದ, ಅಂಗೈ, ಹೊರಗಿನ ಒಂದು ಬಣ್ಣ ಅಥವಾ ಸದ್ದನ್ನು ಆರಿಸಿಕೊಳ್ಳಬಹುದು. ಕಣ್ಣು ತೆರೆದೇ ಇರಬಹುದು. ಕೈಯಲ್ಲಿ ಏನಾದರೂ ಹಿಡಿದು ಹೊಸೆಯುತ್ತಿರಬಹುದು.

ಮೈಸೂರಿನ ಯೋಗದಿಂದ ಕಲಿಯಬಹುದಾದದ್ದು

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಆ ಪರಂಪರೆಯಿಂದ ಬೆಳೆದ ಅಷ್ಟಾಂಗ ಯೋಗದ ಒಂದು ಬೋಧನಾ ಕ್ರಮಕ್ಕೆ ಜಗತ್ತಿನಾದ್ಯಂತ ಮೈಸೂರು ಶೈಲಿ ಎಂದೇ ಹೆಸರು. ಅದರಲ್ಲಿ ಗುರು ಎಲ್ಲರಿಗೂ ಒಟ್ಟಿಗೆ ಎಣಿಕೆ ಹೇಳುವುದಿಲ್ಲ. ಆಸನಗಳ ಅನುಕ್ರಮ ದಿನವೂ ಒಂದೇ. ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗಕ್ಕೆ ತಕ್ಕಂತೆ ತಾವೇ ಅಭ್ಯಾಸ ಮಾಡುತ್ತಾರೆ. ಒಂದು ಆಸನ ಕೈವಶವಾದ ಮೇಲೆ ಮುಂದಿನದ್ದು. ಗುರು ಒಬ್ಬೊಬ್ಬರ ಬಳಿ ಹೋಗಿ ಬೇಕಾದಷ್ಟೇ ಹೇಳಿಕೊಡುತ್ತಾರೆ.

ಈ ಕ್ರಮವನ್ನು ನರವೈವಿಧ್ಯವುಳ್ಳವರಿಗಾಗಿ ರೂಪಿಸಲಿಲ್ಲ. ಆದರೂ ಮುಂದೇನೆಂದು ಮೊದಲೇ ಗೊತ್ತಿರುವುದು, ಪಕ್ಕದವರ ಜೊತೆ ಪೈಪೋಟಿ ಇಲ್ಲದಿರುವುದು, ಮೈ ಚಲಿಸುತ್ತಲೇ ಮನಸ್ಸು ನಿಲ್ಲುವುದು ಎಂಬ ಇದರ ಮೂರು ಗುಣಗಳು ಅವರ ಅಗತ್ಯಕ್ಕೆ ಹತ್ತಿರವಾಗಿವೆ. ಕಷ್ಟದ ಆಸನಗಳು ಬೇಕೆಂದೇನಿಲ್ಲ. ಅದೇ ಜಾಗ, ಅದೇ ಚಾಪೆ, ಅದೇ ಹೊತ್ತು, ಅದೇ ನಾಲ್ಕು ಚಲನೆಗಳು ಸಾಕು. ಮುಟ್ಟಿ ಸರಿಪಡಿಸುವ ಮುನ್ನ ಕಲಿಸುವವರು ಒಪ್ಪಿಗೆ ಕೇಳಲೇಬೇಕು. ಅನಿರೀಕ್ಷಿತ ಸ್ಪರ್ಶ ಹಲವರಿಗೆ ಸಹಿಸಲಾಗದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಡಿಎಚ್‌ಡಿಗಾಗಿ ದಾಖಲಾಗಿದ್ದ ಕೆಲವೇ ಮಕ್ಕಳಿಗೆ ಚಿಕಿತ್ಸೆಯ ಜೊತೆಗೆ ಯೋಗ ಕಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಆಸ್ಪತ್ರೆ ಬಿಡುವ ಹೊತ್ತಿಗೆ ಅವರಲ್ಲಿ ಸುಧಾರಣೆ ಕಂಡಿತ್ತು.

ದಿನದ ಬದುಕಿನಲ್ಲಿ

ಮೊದಲ ಹೆಜ್ಜೆ ಕಾಲವನ್ನು ಕಣ್ಣಿಗೆ ಕಾಣಿಸುವುದು. ಗೋಡೆಯ ಮೇಲೆ ಮುಳ್ಳಿನ ಗಡಿಯಾರ, ಕೆಲಸಕ್ಕೊಂದು ಟೈಮರ್, ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಅಥವಾ ಒಂದೆರಡು ಪದಗಳಲ್ಲಿ ಬರೆದ ಹಲಗೆ ಇವು ತಲೆಯ ಹೊರೆ ಇಳಿಸುತ್ತವೆ. ಹಲಗೆಯ ಮೇಲೆ ಇರುವುದನ್ನು ನೆನಪಿನಲ್ಲಿ ಹೊರಬೇಕಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಕರೆಯುವಾಗ ಹತ್ತು ನಿಮಿಷ ಮುಂಚೆ, ಮತ್ತೆ ಐದು ನಿಮಿಷ ಮುಂಚೆ ಹೇಳಿದರೆ ದಾಟುವಿಕೆ ಹಗುರವಾಗುತ್ತದೆ.

ಎರಡನೆಯದು ಕೈಗೆ ಕೆಲಸ. ಹೂ ಕಟ್ಟುವುದು, ಚುಕ್ಕಿಯಿಟ್ಟು ರಂಗೋಲಿ ಎಳೆಯುವುದು, ಅವರೆಕಾಳು ಹಿದುಕುವುದು, ಚಪಾತಿ ಹಿಟ್ಟು ನಾದುವುದು ಇವುಗಳಲ್ಲಿ ಒಂದೇ ಚಲನೆ ಮತ್ತೆಮತ್ತೆ ಬರುತ್ತದೆ, ಫಲ ಕಣ್ಣೆದುರೇ ಕಾಣುತ್ತದೆ. ಧ್ಯಾನಕ್ಕೆ ಕೂರಲಾಗದವರ ಗಮನ ಇಂತಹ ಕೆಲಸದಲ್ಲಿ ತಾನಾಗಿ ನಿಲ್ಲುವುದುಂಟು. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಒಂದು ಮೆಟ್ಟಿಲನ್ನು ಮಗುವಿಗೇ ಬಿಟ್ಟುಕೊಟ್ಟು, ಅದು ತನಗೆ ತೋಚಿದ ಕ್ರಮದಲ್ಲಿ ಜೋಡಿಸಿದ್ದನ್ನು ಹಾಗೆಯೇ ಇರಗೊಟ್ಟರೆ ಹಬ್ಬ ಅದಕ್ಕೂ ಹಬ್ಬವಾಗುತ್ತದೆ.

ಮೂರನೆಯದು ನಡಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿ, ಲಿಂಗಾಂಬುಧಿ ಕೆರೆಯ ದಾರಿಗಳಲ್ಲಿ ವಾಹನಗಳ ಕಾಟವಿಲ್ಲ. ದಿನವೂ ಅದೇ ದಾರಿ ಹಿಡಿದರೆ ಅನಿಶ್ಚಿತತೆ ಇರದು. ಹಕ್ಕಿ, ನೀರು, ಮರದ ನೆರಳು ದಿನಕ್ಕೊಂದು ಹೊಸತನ್ನು ಕೊಡುತ್ತವೆ. ಕಂಡ ಮೂರು, ಕೇಳಿದ ಎರಡು, ಮುಟ್ಟಿದ ಒಂದು ಸಂಗತಿಯನ್ನು ಹೆಸರಿಸುವುದು ಅಲ್ಲಿ ಮಾಡಬಹುದಾದ ಸುಲಭ ಅಭ್ಯಾಸ. ಜನಸಂದಣಿ ಕಡಿಮೆಯಿರುವ ಹೊತ್ತನ್ನು ಆರಿಸಿಕೊಂಡರೆ ಒಳ್ಳೆಯದು.

ಕೈ ಆಡಿಸುವುದು, ತೂಗಾಡುವುದು, ಒಂದೇ ಪದ ಗುನುಗುವುದು ಮುಂತಾದ ಸ್ಟಿಮ್ಮಿಂಗ್ ಅನ್ನು ಕೆಟ್ಟ ಅಭ್ಯಾಸವೆಂದು ತಡೆಯುವ ಮನೆಗಳಿವೆ. ಯಾರಿಗೂ ಪೆಟ್ಟಾಗದಿರುವಾಗ ತಡೆಯಬೇಕಿಲ್ಲ. ಮೈಯನ್ನು ಹದಕ್ಕೆ ತಂದುಕೊಂಡು ಇದ್ದಲ್ಲೇ ಉಳಿಯಲು ಅವರು ಕಂಡುಕೊಂಡ ಉಪಾಯವದು.

ದಸರೆ ಇವೆಲ್ಲಕ್ಕೂ ಕಠಿಣ ಪರೀಕ್ಷೆ. ಸುಮಾರು ಒಂದು ಲಕ್ಷ ದೀಪಗಳಲ್ಲಿ ಬೆಳಗುವ ಅರಮನೆ, ಜಂಬೂಸವಾರಿಯ ಜನಸಾಗರ, 21 ಕುಶಾಲತೋಪುಗಳ ಗರ್ಜನೆ ಎಲ್ಲವೂ ಇಂದ್ರಿಯಗಳ ಮೇಲೆ ಒಟ್ಟಿಗೆ ಬೀಳುತ್ತವೆ. ದೀಪಾಲಂಕಾರವನ್ನು ಹಬ್ಬಕ್ಕೆ ಮುಂಚೆಯೇ ಒಂದು ಭಾನುವಾರ ಸಂಜೆ ದೂರದಿಂದ ತೋರಿಸಬಹುದು. ಮೆರವಣಿಗೆಯ ವಿಡಿಯೊ ಮೊದಲೇ ನೋಡಿಸಿ, ತೋಪಿನ ಸದ್ದು ಬರುತ್ತದೆಂದು ತಿಳಿಸಿ, ಕಿವಿಗೆ ಇಯರ್‌ಮಫ್ ಕೊಟ್ಟು, ಹೊರಬರುವ ದಾರಿ ಗೊತ್ತುಮಾಡಿಕೊಂಡು ಹೋಗಬಹುದು. ಮನೆಯಲ್ಲೇ ಟಿವಿಯಲ್ಲಿ, ಸದ್ದು ತಗ್ಗಿಸಿ ನೋಡುವುದೂ ದಸರೆಯೇ.

ನೆರವು ಎಲ್ಲಿದೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಊರಿನವರು ಆಯಿಷ್ ಎಂದು ಕರೆಯುವ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ್ದು. ಮಾತು ತಡವಾದ ಮಕ್ಕಳ ತಪಾಸಣೆ, ವಾಕ್ ಚಿಕಿತ್ಸೆ, ಮನಶ್ಶಾಸ್ತ್ರೀಯ ಪರೀಕ್ಷೆ, ಶಾಲಾಪೂರ್ವ ತರಬೇತಿ ಇಲ್ಲಿ ದೊರೆಯುತ್ತವೆ. ಮಕ್ಕಳ ಜೊತೆ ಹೆತ್ತವರಿಗೂ ಕಲಿಸುವುದು ಇಲ್ಲಿನ ಕ್ರಮ. ಕೃಷ್ಣರಾಜೇಂದ್ರ ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಆತಂಕ ಮಿತಿಮೀರಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ಹಣವಿಲ್ಲ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಪ್ರಮಾಣಪತ್ರ ಪಡೆದವರು ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ಅನುಕೂಲಗಳನ್ನು ಕೇಳಬಹುದು. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಆ ಮಕ್ಕಳ ವಿಷಯದಲ್ಲಿ ಶಾಲೆಯ ತಿಳಿವಳಿಕೆಯೇ ದೊಡ್ಡ ಆಸರೆ.

ಈ ಕ್ಷಣದಲ್ಲಿ ಬದುಕುವುದನ್ನು ಕಲಿಸಬೇಕೆನ್ನುವ ಹೆತ್ತವರು, ಶಿಕ್ಷಕರು, ಸಹೋದ್ಯೋಗಿಗಳು ಮೊದಲು ಮೂರು ಕೆಲಸ ಮಾಡಬೇಕು. ಸದ್ದು ತಗ್ಗಿಸಬೇಕು, ಮುಂದೇನೆಂದು ಮುಂಚೆಯೇ ಹೇಳಬೇಕು, ಮೈ ಅಲುಗಿದರೆ ಅಲುಗಲಿ ಎಂದು ಬಿಡಬೇಕು. ಅಷ್ಟಾದ ಮೇಲೆ ಗಮನ ಕೇಳಿದರೆ ಅದು ನ್ಯಾಯ. ಹಾಯಾಗಿ ಇರಲು ಎಡೆಯಿಲ್ಲದ ಜಾಗದಲ್ಲಿ ಯಾರ ಮನಸ್ಸೂ ನಿಲ್ಲುವುದಿಲ್ಲ. ಆ ಎಡೆಯನ್ನು ಮಾಡಿಕೊಡುವುದು ಸುತ್ತಲಿರುವ ಎಲ್ಲರ ಹೊಣೆ.